ನೈಟಿಂಗೇಲ್ ಶಾಲೆ: ದಾದಿಯರ ವೃತ್ತಿಮಾರ್ಗದರ್ಶನದ ಆರಂಭಿಕ ದಶಕಗಳು

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ನಿಧಿಯ ನೆರವಿನಿಂದ ಆರಂಭಗೊಂಡ ದಾದಿಯರ ಶಾಲೆಯನ್ನು ಆಧುನಿಕ ಶುಶ್ರೂಷಾ ಶಿಕ್ಷಣದ ಮೂಲವೆಂದು ಗುರುತಿಸುವುದು ವಾಡಿಕೆ. ಆ ಮಾದರಿಯು ಮೊದಲ ದಿನದಿಂದಲೇ ಪರಿಪೂರ್ಣವಾಗಿತ್ತೆಂಬ ಭಾವನೆಯೂ ಇದರೊಡನೆ ಬೆಳೆದುಬಂದಿದೆ. ಮೋನಿಕಾ ಬೇಲಿಯವರು 1986ರಲ್ಲಿ ಪ್ರಕಟಿಸಿದ ಅಧ್ಯಯನವು ದಾಖಲೆಗಳ ಆಧಾರದಿಂದ ಈ ಭಾವನೆಯನ್ನು ಅಲುಗಾಡಿಸಿತು.

ಮೊದಲ ತಂಡದಲ್ಲಿ ಹದಿನೈದು ಅಭ್ಯರ್ಥಿಗಳಿದ್ದರು. ಊಟ, ವಸತಿ, ಸಮವಸ್ತ್ರಗಳ ಜೊತೆಗೆ ವರ್ಷಕ್ಕೆ ಹತ್ತು ಪೌಂಡು ಭತ್ಯೆ. ಒಂದು ವರ್ಷದ ತರಬೇತಿ ಮುಗಿದ ಬಳಿಕ ಸಮಿತಿ ಸೂಚಿಸಿದ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿಯಲೇಬೇಕಿತ್ತು. ಪ್ರತಿಯೊಬ್ಬಳ ನಡತೆ, ಕೌಶಲಗಳನ್ನು ಮೇಟ್ರನ್ ವಾರ್ಡ್ರೋಪರ್ ಅವರು ತಿಂಗಳು ತಿಂಗಳೂ ನಮೂನೆಯೊಂದರಲ್ಲಿ ದಾಖಲಿಸುತ್ತಿದ್ದರು. ಆದರೆ ದಾಖಲಿಸುವುದು ಬೇರೆ, ಕಲಿಸುವುದು ಬೇರೆ. ವಾರ್ಡಿನ ಸಿಸ್ಟರುಗಳಿಗೆ ಬೋಧನೆಯ ತರಬೇತಿಯಿರಲಿಲ್ಲ. ಉಪನ್ಯಾಸದ ಹೊಣೆ ಹೊತ್ತ ವೈದ್ಯ ವಿಟ್‌ಫೀಲ್ಡ್ ಅದನ್ನು ಬಹುಮಟ್ಟಿಗೆ ಕಡೆಗಣಿಸಿದ್ದರು. ಹೀಗಾಗಿ ಕಲಿಯಲು ಬಂದವಳು ಎಷ್ಟೋ ವೇಳೆ ಆಸ್ಪತ್ರೆಗೆ ಅಗ್ಗವಾಗಿ ದೊರೆತ ಕೆಲಸದಾಳಾಗಿಯೇ ಉಳಿದಳು.

ಈ ಸ್ಥಿತಿ ನೈಟಿಂಗೇಲ್ ಅವರ ಅರಿವಿಗೆ ಪೂರ್ಣವಾಗಿ ಬಂದುದು 1870ರ ದಶಕದ ಆರಂಭದಲ್ಲಿ. ಅನಾರೋಗ್ಯದಿಂದ ಬಹುತೇಕ ಮನೆಯಲ್ಲೇ ಇರುತ್ತಿದ್ದ ಅವರು ಅಭ್ಯರ್ಥಿಗಳನ್ನು ಒಬ್ಬೊಬ್ಬರಾಗಿ ಕರೆಸಿ ಮಾತನಾಡಿಸಿ ಟಿಪ್ಪಣಿ ಬರೆದಿಟ್ಟರು. ಉಪನ್ಯಾಸದ ಹೊಣೆಗೆ ಜಾನ್ ಕ್ರಾಫ್ಟ್ ಬಂದರು. ‘ಹೋಮ್ ಸಿಸ್ಟರ್’ ಎಂಬ ಹೊಸ ಹುದ್ದೆ ಸೃಷ್ಟಿಯಾಯಿತು. ಅಭ್ಯರ್ಥಿಗಳ ವಸತಿಯಲ್ಲೇ ಇದ್ದು, ಅವರ ಓದು, ನಡೆನುಡಿ, ದಣಿವುಗಳನ್ನು ನೋಡಿಕೊಳ್ಳುವುದೇ ಈಕೆಯ ಕೆಲಸ. ಮೇಲಧಿಕಾರಿಯ ಮೌಲ್ಯಮಾಪನದಿಂದ ಭಿನ್ನವಾದ ಮಾರ್ಗದರ್ಶನವು ಇಲ್ಲಿ ಹುದ್ದೆಯ ರೂಪ ಪಡೆಯಿತೆಂಬುದು ಗಮನಾರ್ಹ. 1875ರಿಂದ ಈ ಸ್ಥಾನದಲ್ಲಿದ್ದ ಮೇರಿ ಕ್ರಾಸ್‌ಲ್ಯಾಂಡ್ ದೀರ್ಘಕಾಲ ಅದನ್ನು ನಿರ್ವಹಿಸಿದರು. 1872ರಿಂದ 1900ರವರೆಗೆ ನೈಟಿಂಗೇಲ್ ಆಗಾಗ ದಾದಿಯರನ್ನುದ್ದೇಶಿಸಿ ಬಹಿರಂಗ ಪತ್ರಗಳನ್ನೂ ಬರೆದರು.

ಆದರೂ ಬಡ್ತಿಯ ಹಾದಿ ಎಲ್ಲರಿಗೂ ಸಮನಾಗಿರಲಿಲ್ಲ. ತಮ್ಮ ಖರ್ಚನ್ನು ತಾವೇ ಭರಿಸುತ್ತಿದ್ದ ‘ಸ್ಪೆಷಲ್’ ಅಭ್ಯರ್ಥಿಗಳನ್ನು ಮೊದಲಿನಿಂದಲೂ ಮೇಲ್ವಿಚಾರಕಿಯರನ್ನಾಗಿ ರೂಪಿಸುವ ಉದ್ದೇಶವಿತ್ತು. ಸಾಮಾನ್ಯ ಮನೆತನದ ದಾದಿಗೆ ಅಷ್ಟು ಎತ್ತರ ತಲುಪುವ ಅವಕಾಶ ವಿರಳ. ಶಾಲೆಯ ಇತಿಹಾಸ ಬರೆದವರಲ್ಲಿ ಹಲವರು ಈ ವರ್ಗಭೇದವನ್ನು ಹಗುರವಾಗಿ ದಾಟಿಹೋಗಿದ್ದಾರೆ.

ಹಳೆಯ ವಿದ್ಯಾರ್ಥಿನಿಯರ ಪೈಕಿ ಲೂಸಿ ಆಸ್‌ಬರ್ನ್ 1868ರಲ್ಲೇ ಐವರು ದಾದಿಯರೊಡನೆ ಸಿಡ್ನಿ ತಲುಪಿದ್ದರು. ಏಂಜಲಿಕ್ ಪ್ರಿಂಗಲ್ ಎಡಿನ್‌ಬರೋದ ರಾಯಲ್ ಇನ್‌ಫರ್ಮರಿಯ ಮೇಲ್ವಿಚಾರಕಿಯಾಗಿ ಅಲ್ಲಿಯೂ ತರಬೇತಿಯನ್ನು ಕಟ್ಟಿದರು. ಆಕೆಗೆ ನೈಟಿಂಗೇಲ್ ಅವರ ಸಲಹೆ ಪತ್ರಮುಖೇನ ನಿರಂತರವಾಗಿ ದೊರೆಯಿತು. 1887ರಲ್ಲಿ ವಾರ್ಡ್ರೋಪರ್ ನಿವೃತ್ತರಾದಾಗ, ತಾನು ಕಲಿತ ಆಸ್ಪತ್ರೆಗೇ ಮೇಟ್ರನ್ ಆಗಿ ಹಿಂದಿರುಗಿದವರು ಇದೇ ಪ್ರಿಂಗಲ್.