ಫೇಸ್-ಚೇಂಜ್ ಕೂಲಿಂಗ್: ಆರಂಭದ ಅತಿತಾಪ

ಇದು ಓವರ್‌ಕ್ಲಾಕ್ ಮಾಡಿದ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ, ಕಂಪ್ಯೂಟರಿನ ಪ್ರೊಸೆಸರನ್ನು ಫ್ರಿಜ್‌ನ ತತ್ತ್ವದಿಂದಲೇ ತಂಪಾಗಿಸುವ ವ್ಯವಸ್ಥೆ. ಕಂಪ್ರೆಸರ್ ಒತ್ತಿದ ಅನಿಲ ಕಂಡೆನ್ಸರಿನಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ. ಆ ದ್ರವ ಸಪೂರ ಕ್ಯಾಪಿಲರಿ ನಳಿಕೆ ದಾಟಿ, ಪ್ರೊಸೆಸರಿನ ಮೇಲೆ ಕೂತ ತಾಮ್ರದ ಇವ್ಯಾಪರೇಟರಿನಲ್ಲಿ ಆವಿಯಾಗುವಾಗ ಶಾಖ ಹೀರುತ್ತದೆ. ಇಂಥಲ್ಲಿ ಬಳಸುವ ಆರ್-134ಎ ಶೀತಕವು ವಾಯುಮಂಡಲದ ಒತ್ತಡದಲ್ಲಿ ಸುಮಾರು ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ.

ಆರಂಭದ ಅತಿತಾಪಕ್ಕೆ ಕಾರಣ: ಕಂಪ್ರೆಸರ್ ಚಾಲೂ ಆದರೂ ಇವ್ಯಾಪರೇಟರ್ ತಣ್ಣಗಾಗಲು ಕೆಲವು ನಿಮಿಷ ಬೇಕು. ಪ್ರೊಸೆಸರ್ ಮಾತ್ರ ಕ್ಷಣಗಳಲ್ಲೇ ಬಿಸಿಯೇರುತ್ತದೆ. ಆದ್ದರಿಂದಲೇ ಡೆನ್ಮಾರ್ಕಿನ ಅಸೆಟೆಕ್ ಕಂಪನಿಯ ವೇಪೋಚಿಲ್ ಎಂಬ ಇಂಥ ವ್ಯವಸ್ಥೆಯಲ್ಲಿ, ಇವ್ಯಾಪರೇಟರ್ ನಿಗದಿತ ತಾಪಕ್ಕೆ ಇಳಿದ ಮೇಲಷ್ಟೇ ಕಂಪ್ಯೂಟರನ್ನು ಚಾಲೂ ಮಾಡುವ ನಿಯಂತ್ರಕವಿತ್ತು.

ಪತ್ತೆ: ಇವ್ಯಾಪರೇಟರ್ ತಣ್ಣಗಿದ್ದೂ ಪ್ರೊಸೆಸರ್ ಬಿಸಿಯಾದರೆ ಮೊದಲು ಅವೆರಡರ ನಡುವಿನ ಸ್ಪರ್ಶವನ್ನು ನೋಡಬೇಕು. ಬಿಚ್ಚಿದಾಗ ಥರ್ಮಲ್ ಪೇಸ್ಟ್ ಒಂದೇ ಮೂಲೆಯಲ್ಲಿ ಚಪ್ಪಟೆಯಾಗಿದ್ದರೆ ಜೋಡಣೆ ಓರೆಯಾಗಿದೆ ಎಂದರ್ಥ. ಇವ್ಯಾಪರೇಟರೇ ತಣ್ಣಗಾಗದಿದ್ದರೆ ಶೀತಕದ ಸೋರಿಕೆ, ಧೂಳು ಕಟ್ಟಿದ ಕಂಡೆನ್ಸರ್, ನಿಂತ ಫ್ಯಾನ್ ಅಥವಾ ಕ್ಯಾಪಿಲರಿಯೊಳಗೆ ಹೆಪ್ಪುಗಟ್ಟಿದ ತೇವವನ್ನು ಶಂಕಿಸಬೇಕು. ನಿಲ್ಲಿಸಿದ ಕಂಪ್ರೆಸರನ್ನು ಕೂಡಲೇ ಚಾಲೂ ಮಾಡಿದರೆ, ಒತ್ತಡ ಇನ್ನೂ ಸಮವಾಗಿರದ ಕಾರಣ ಅದು ತಿರುಗದೆ ಗುಂಯ್‌ಗುಟ್ಟಿ ನಿಲ್ಲಬಹುದು. ಕೆಲವು ನಿಮಿಷ ಬಿಟ್ಟು ಚಾಲೂ ಮಾಡಬೇಕು. ಸೋರಿಕೆ ಮುಚ್ಚಿ ಶೀತಕ ತುಂಬುವ ಕೆಲಸವನ್ನು ಅನುಭವಿ ಫ್ರಿಜ್ ಮೆಕ್ಯಾನಿಕ್‌ಗೆ ಬಿಡುವುದೇ ಸುರಕ್ಷಿತ.