ಪಾಂಡಿತ್ಯ ಪ್ರದರ್ಶನ

ಪಾಂಡಿತ್ಯ ಪ್ರದರ್ಶನ ಎಂದರೆ ತನಗಿರುವುದಕ್ಕಿಂತ ಹೆಚ್ಚಿನ ತಿಳಿವಳಿಕೆ ಇದೆಯೆಂದು ಇತರರಿಗೆ ತೋರುವಂತೆ ಮಾತು, ಬರಹ ಅಥವಾ ನಡವಳಿಕೆಯನ್ನು ರೂಪಿಸಿಕೊಳ್ಳುವುದು. ಅನಗತ್ಯವಾದ ಕಠಿಣ ಪದಗಳ ಬಳಕೆ, ಸಂದರ್ಭಕ್ಕೆ ಹೊಂದದ ಉಲ್ಲೇಖ, ಓದದ ಗ್ರಂಥಗಳ ಹೆಸರನ್ನು ಹೇಳುವುದು ಮತ್ತು ಗೊತ್ತಿಲ್ಲ ಎನ್ನಬೇಕಾದಲ್ಲಿ ಉತ್ತರವನ್ನು ಕಟ್ಟಿ ಹೇಳುವುದು ಇದರ ಸಾಮಾನ್ಯ ಲಕ್ಷಣಗಳು. ಈ ಪ್ರವೃತ್ತಿಯು ವ್ಯಕ್ತಿಯ ಸ್ವಭಾವವನ್ನು ಮಾತ್ರವಲ್ಲದೆ, ಕೇಳುಗರಿಗೆ ಮರುಪ್ರಶ್ನೆ ಹಾಕುವ ಅವಕಾಶ ಎಷ್ಟಿದೆ ಎಂಬುದನ್ನೂ ಅವಲಂಬಿಸಿದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳ ಸಾಹಿತ್ಯ, ರಂಗಕಲೆ ಮತ್ತು ರಾಜಕೀಯ ಚಿಂತನೆಯಲ್ಲಿ ಈ ವಿಷಯಕ್ಕೆ ಗಮನಾರ್ಹ ನಿದರ್ಶನಗಳು ದೊರೆಯುತ್ತವೆ.

ಪದ ಮತ್ತು ಪರಿಕಲ್ಪನೆ

ತನ್ನನ್ನು ತಾನೇ ಪಂಡಿತನೆಂದು ಭಾವಿಸಿಕೊಂಡವನಿಗೆ ಸಂಸ್ಕೃತದಲ್ಲಿ 'ಪಂಡಿತಮ್ಮನ್ಯ' ಎಂಬ ಪದವಿದೆ. ಇಂಥವರ ಟೀಕೆ ಕಠೋಪನಿಷತ್ತು ಮತ್ತು ಮುಂಡಕೋಪನಿಷತ್ತುಗಳಲ್ಲಿಯೇ ಬರುತ್ತದೆ. ಕನ್ನಡದ ಆಡುಮಾತಿನಲ್ಲಿ 'ಅಲ್ಪವಿದ್ಯೆ ಮಹಾಗರ್ವಿ', 'ತುಂಬಿದ ಕೊಡ ತುಳುಕುವುದಿಲ್ಲ' ಎಂಬ ಮಾತುಗಳು ಇದೇ ಅರ್ಥದಲ್ಲಿ ಬಳಕೆಯಲ್ಲಿವೆ.

ಕಠಿಣವಾದ ಮಾತೆಲ್ಲವೂ ಪಾಂಡಿತ್ಯ ಪ್ರದರ್ಶನವಲ್ಲ. ವೈದ್ಯಕೀಯ, ಕಾನೂನು, ವ್ಯಾಕರಣ ಮೊದಲಾದ ಶಾಸ್ತ್ರಗಳಲ್ಲಿ ನಿಖರತೆಗಾಗಿ ಪಾರಿಭಾಷಿಕ ಪದಗಳು ಅಗತ್ಯ. ಕೇಳಿದಾಗ ಅದೇ ವಿಷಯವನ್ನು ಸರಳವಾಗಿ ಬಿಡಿಸಿ ಹೇಳಲು ಸಾಧ್ಯವಾಗುತ್ತದೆಯೇ ಎಂಬುದು ಇವೆರಡನ್ನು ಬೇರ್ಪಡಿಸುವ ಒಂದು ಅಳತೆಗೋಲು.

ಕಾರಣಗಳು

ಸಾಮಾಜಿಕ ಮನ್ನಣೆಯ ಬಯಕೆ ಮತ್ತು ಅಜ್ಞಾನ ಬಯಲಾಗುವ ಭಯ ಇದರ ಮುಖ್ಯ ಕಾರಣಗಳು. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಅವರು ವಿದ್ಯೆ, ಅಭಿರುಚಿ ಮತ್ತು ಭಾಷಾಶೈಲಿಗಳು ಹಣದಂತೆಯೇ ಒಂದು ಬಗೆಯ ಬಂಡವಾಳವಾಗಿ ವರ್ತಿಸುತ್ತವೆ ಎಂದು ವಾದಿಸಿದರು. ಆ ಬಂಡವಾಳ ಇಲ್ಲದವರು ಅದರ ಹೊರಗುರುತುಗಳನ್ನು ಧರಿಸಲು ಯತ್ನಿಸುವುದು ಸಹಜ.

ಎಲ್ಲ ಸಂದರ್ಭಗಳಲ್ಲಿಯೂ ಉದ್ದೇಶಪೂರ್ವಕ ವಂಚನೆ ಇರುವುದಿಲ್ಲ. 1999ರಲ್ಲಿ ಜಸ್ಟಿನ್ ಕ್ರುಗರ್ ಮತ್ತು ಡೇವಿಡ್ ಡನ್ನಿಂಗ್ ಪ್ರಕಟಿಸಿದ ಅಧ್ಯಯನದಲ್ಲಿ, ತರ್ಕ ಮತ್ತು ವ್ಯಾಕರಣದಂಥ ಪರೀಕ್ಷೆಗಳಲ್ಲಿ ಅತಿ ಕಡಿಮೆ ಅಂಕ ಪಡೆದವರು ತಾವು ಸರಾಸರಿಗಿಂತ ಮೇಲಿದ್ದೇವೆಂದು ಅಂದಾಜಿಸಿಕೊಂಡಿದ್ದರು. ಈ ಫಲಿತಾಂಶದ ಒಂದು ಭಾಗ ಕೇವಲ ಸಂಖ್ಯಾಶಾಸ್ತ್ರೀಯ ಪರಿಣಾಮವೆಂದು ಕೆಲವು ಸಂಶೋಧಕರು ನಂತರ ಆಕ್ಷೇಪಿಸಿದ್ದಾರೆ. 2002ರಲ್ಲಿ ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ ಅವರು ಜಿಪ್‌ನಂಥ ದಿನಬಳಕೆಯ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ತಮಗೆ ಎಷ್ಟು ಗೊತ್ತಿದೆಯೆಂದು ಜನರನ್ನು ಕೇಳಿದರು. ಹಂತಹಂತವಾಗಿ ವಿವರಿಸಲು ಹೇಳಿದ ಬಳಿಕ ಜನರು ತಮ್ಮ ತಿಳಿವಳಿಕೆಗೆ ತಾವೇ ಕೊಟ್ಟುಕೊಂಡ ಅಂಕಗಳು ಇಳಿದವು.

ಪ್ರದರ್ಶನವು ಉದ್ದೇಶಿತ ಫಲ ನೀಡುತ್ತದೆಂಬ ಖಾತರಿಯೂ ಇಲ್ಲ. ಡೇನಿಯಲ್ ಒಪನ್‌ಹೈಮರ್ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸರಳ ಪದಗಳ ಬದಲು ಅನಗತ್ಯವಾಗಿ ಉದ್ದದ ಪದಗಳನ್ನು ಸೇರಿಸಿದ ಬರಹದ ಲೇಖಕರನ್ನು ಓದುಗರು ಕಡಿಮೆ ಬುದ್ಧಿವಂತರೆಂದು ಅಳೆದರು.

ಕನ್ನಡ ಸಾಹಿತ್ಯದಲ್ಲಿ

ಈ ಪ್ರವೃತ್ತಿಯ ವಿಮರ್ಶೆ ಕನ್ನಡದಲ್ಲಿ ಹಳೆಯದು. ಮುಳುಗುಂದದ ನಯಸೇನನು 1112ರ 'ಧರ್ಮಾಮೃತ'ದಲ್ಲಿ, ಕನ್ನಡದಲ್ಲಿ ಬರೆಯುತ್ತೇವೆಂದು ಹೊರಟು ಅನಗತ್ಯ ಸಂಸ್ಕೃತವನ್ನು ತುಂಬುವ ಕವಿಗಳನ್ನು ಹಾಸ್ಯ ಮಾಡಿದ್ದಾನೆ. ಮುದ್ದಣನ 'ಶ್ರೀರಾಮಾಶ್ವಮೇಧಂ' ಕೃತಿಯಲ್ಲಿ ಕಥೆ ಕೇಳುವ ಮನೋರಮೆಯೇ ಅದು ಪದ್ಯದಲ್ಲಿ ಬೇಡ, ಗದ್ಯದಲ್ಲಿ ತಿರುಳ್ಗನ್ನಡದಲ್ಲಿರಲಿ ಎಂದು ಕೇಳುತ್ತಾಳೆ. ಇಲ್ಲಿ ಹೇಳುವವನ ಶೈಲಿಯನ್ನು ತಿದ್ದುವವಳು ಕೇಳುಗಳು.

ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಯು ಪಾಂಡಿತ್ಯದ ಮಿತಿಯನ್ನು ಇನ್ನೊಂದು ಬದಿಯಿಂದ ಪರಿಶೀಲಿಸುತ್ತದೆ. ಆಚಾರಗಳನ್ನು ಮುರಿದ ನಾರಣಪ್ಪನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆ ಎದುರಾದಾಗ ಇಡೀ ಅಗ್ರಹಾರ ಪ್ರಾಣೇಶಾಚಾರ್ಯರ ಉತ್ತರಕ್ಕಾಗಿ ಕಾಯುತ್ತದೆ. ಅವರ ವಿದ್ವತ್ತು ಸೋಗಿನದಲ್ಲ. ಆದರೂ ಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ. ಕೊನೆಗೆ ಚಂದ್ರಿಯು ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಶವವನ್ನು ದಹಿಸುತ್ತಾಳೆ. ಒಬ್ಬ ಪಂಡಿತನಿಗೆ ಎಲ್ಲವೂ ತಿಳಿದಿರಲೇಬೇಕೆಂಬ ಸಮುದಾಯದ ನಿರೀಕ್ಷೆಯೂ ಇಲ್ಲಿ ವಿಮರ್ಶೆಗೆ ಒಳಗಾಗುತ್ತದೆ.

ತಾಳಮದ್ದಳೆಯಲ್ಲಿ

ಯಕ್ಷಗಾನದ ಪ್ರಕಾರವಾದ ತಾಳಮದ್ದಳೆ ಕರಾವಳಿಯಂತೆಯೇ ಈ ಮೂರು ತಾಲೂಕುಗಳ ಮಲೆನಾಡಿನಲ್ಲಿಯೂ ಪ್ರಚಲಿತವಾಗಿದೆ. ಇದರಲ್ಲಿ ವೇಷ ಮತ್ತು ಕುಣಿತ ಇರುವುದಿಲ್ಲ. ಭಾಗವತರು ಪದ್ಯವನ್ನು ಹಾಡಿದ ಬಳಿಕ ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಆಶುಮಾತಿನಲ್ಲಿ ಸಂಭಾಷಿಸುತ್ತಾರೆ. ಪುರಾಣ, ಶಾಸ್ತ್ರ ಮತ್ತು ಕಾವ್ಯಗಳ ಓದು ಇಲ್ಲಿ ಕಲೆಯ ಅಂಗವೇ ಆಗಿರುವುದರಿಂದ ಪಾಂಡಿತ್ಯದ ಪ್ರದರ್ಶನಕ್ಕೆ ಮಾನ್ಯತೆಯಿದೆ. ಶೇಣಿ ಗೋಪಾಲಕೃಷ್ಣ ಭಟ್ (1918–2006) ಅವರಂಥ ಅರ್ಥಧಾರಿಗಳು ವಿಸ್ತಾರವಾದ ಓದು ಮತ್ತು ತರ್ಕಕ್ಕಾಗಿ ಹೆಸರಾದವರು.

ಆದರೆ ಈ ಕಲೆಯಲ್ಲಿ ಎದುರು ಅರ್ಥಧಾರಿಗೆ ತಕ್ಷಣವೇ ಪ್ರಶ್ನಿಸುವ ಹಕ್ಕು ಇದೆ. ವಾಲಿವಧೆ ಪ್ರಸಂಗದಲ್ಲಿ ಮರೆಯಿಂದ ಬಾಣ ಬಿಟ್ಟದ್ದೇಕೆಂದು ವಾಲಿ ಕೇಳಿದಾಗ, ರಾಮನ ಪಾತ್ರಧಾರಿ ಸಭೆಯ ಮುಂದೆ ಸಮಂಜಸವಾದ ಉತ್ತರ ಕೊಡಲೇಬೇಕು. ಬಾಯಿಪಾಠ ಮಾಡಿದ ಶ್ಲೋಕ ಅಲ್ಲಿ ಸಾಲದು. ಅರ್ಥಧಾರಿಗಳು ಪ್ರಸಂಗದ ಭಾವವನ್ನು ಬಿಟ್ಟು ವಾದಕ್ಕಾಗಿ ವಾದ ಬೆಳೆಸಿದಾಗ ಅದು ವಿಮರ್ಶೆಗೂ ಗುರಿಯಾಗುತ್ತದೆ.

ಭಾಷೆ ಮತ್ತು ಅಧಿಕಾರ

ವಸಾಹತು ಕಾಲದಿಂದ ಇಂಗ್ಲಿಷ್ ಜ್ಞಾನವು ಬುದ್ಧಿವಂತಿಕೆಯ ಗುರುತಾಗಿ ಪರಿಗಣಿತವಾಯಿತು. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ಕುವೆಂಪು ಅವರ ಮೊದಲ ಪ್ರಕಟಿತ ಕೃತಿಯೂ ಇಂಗ್ಲಿಷ್ ಕವಿತೆಗಳ ಸಂಕಲನ (1922). ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಸಲಹೆಯ ನಂತರ ಅವರು ಕನ್ನಡದ ಕಡೆ ತಿರುಗಿದರು.

ಸಾಗರ ತಾಲೂಕಿನ ಕಾಗೋಡು ಗೇಣಿದಾರರ ಹೋರಾಟದಲ್ಲಿ 1951ರಲ್ಲಿ ಪಾಲ್ಗೊಂಡು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ ಅವರು, ಜನರಿಗೆ ಅರ್ಥವಾಗದ ಭಾಷೆಯಲ್ಲಿ ನಡೆಯುವ ಆಡಳಿತವು ಅವರನ್ನು ಪ್ರಜಾಪ್ರಭುತ್ವದಿಂದ ಹೊರಗಿಡುತ್ತದೆ ಎಂದು ಪ್ರತಿಪಾದಿಸಿದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಶಾಸಕರಾಗಿ ಆಯ್ಕೆಯಾದರು.

ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಮ್ ಬೇರೆ ಮಾರ್ಗವನ್ನು ತೋರಿತು. ಕೆ. ವಿ. ಸುಬ್ಬಣ್ಣ ಅವರ ನೇತೃತ್ವದಲ್ಲಿ ಅದು ಜಗತ್ತಿನ ಶ್ರೇಷ್ಠ ನಾಟಕ ಮತ್ತು ಚಲನಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರ ಮುಂದಿಟ್ಟು, ಅವುಗಳ ಬಗ್ಗೆ ಕನ್ನಡದಲ್ಲಿಯೇ ಚರ್ಚಿಸುವ ಅವಕಾಶ ಕಲ್ಪಿಸಿತು. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಪರಿಣಾಮಗಳು

ಪಾಂಡಿತ್ಯ ಪ್ರದರ್ಶನದ ಹೆಚ್ಚಿನ ಹಾನಿ ತಟ್ಟುವುದು ಕೇಳುಗರಿಗೆ. ಅರ್ಥವಾಗದಿದ್ದರೂ ತಲೆಯಾಡಿಸುವ ರೋಗಿ ಔಷಧವನ್ನು ತಪ್ಪಾಗಿ ಸೇವಿಸಬಹುದು. ಕಚೇರಿಯ ಪತ್ರ ಅರ್ಥವಾಗದ ರೈತ ತನ್ನ ಹಕ್ಕನ್ನು ಕಳೆದುಕೊಳ್ಳಬಹುದು. ಪ್ರಶ್ನಿಸಲು ನಾಚುವ ವಿದ್ಯಾರ್ಥಿ ಉರುಹೊಡೆಯುವುದನ್ನೇ ಕಲಿಕೆಯೆಂದು ತಿಳಿಯಬಹುದು. ಅರ್ಥವಾಗಲಿಲ್ಲ ಎಂದು ಕೇಳುವುದು ಅವಮಾನವೆನಿಸದ ಕಡೆ ಇಂಥ ಪ್ರದರ್ಶನ ಹೆಚ್ಚು ಕಾಲ ಬಾಳುವುದಿಲ್ಲ.

ಇವನ್ನೂ ನೋಡಿ

ತಾಳಮದ್ದಳೆ
ನೀನಾಸಮ್
ಸಂಸ್ಕಾರ (ಕಾದಂಬರಿ)
ಕಾಗೋಡು ಸತ್ಯಾಗ್ರಹ