ಮೊದಲ ಪವರ್ ಟಿಲ್ಲರ್: ಕೊಳ್ಳುವ ಮುನ್ನ ತಿಳಿಯಬೇಕಾದ್ದು

2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ರೈತರ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು ಮೂರು ಎಕರೆ ಹದಿನಾಲ್ಕು ಗುಂಟೆ. ಅದೂ ಎಷ್ಟೋ ಮನೆಗಳಲ್ಲಿ ಒಂದೇ ಕಡೆ ಇರುವುದಿಲ್ಲ. ಮನೆ ಮುಂದೆ ಹತ್ತು ಗುಂಟೆ, ಹಳ್ಳದಾಚೆ ಒಂದೆಕರೆ, ಪಾಲಿಗೆ ಬಂದದ್ದು ಇನ್ನೊಂದು ಊರಲ್ಲಿ. ಇಂಥ ತುಂಡು ಜಮೀನಿನಲ್ಲಿ ಎತ್ತು ಮಾರಿದ ಮನೆಗೆ ಮೊದಲು ಬೇಕಾಗುವುದು ಉಳುವ ಯಂತ್ರ. ಮಲೆನಾಡು, ಕರಾವಳಿ, ನಾಲೆ ನೀರಿನ ಭತ್ತದ ಸೀಮೆಗಳಲ್ಲಿ ಆ ಜಾಗಕ್ಕೆ ಬಂದದ್ದು ಪವರ್ ಟಿಲ್ಲರ್.

ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಎಚ್‌ಪಿ ಎಂದು. ಆದರೆ ಮಾರುಕಟ್ಟೆಯಲ್ಲಿರುವ ಟಿಲ್ಲರ್‌ಗಳಲ್ಲಿ ಎಚ್‌ಪಿಯ ಅಂತರ ಅಷ್ಟೇನಿಲ್ಲ. ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಮೂರು: ಭೂಮಿ ಎಂಥದ್ದು, ವರ್ಷಕ್ಕೆ ಎಷ್ಟು ಗಂಟೆ ಕೆಲಸವಿದೆ, ಹ್ಯಾಂಡಲ್ ಹಿಡಿಯುವವರು ಯಾರು.

ಜಪಾನಿನಿಂದ ಬಂದ ಯಂತ್ರ

ಎರಡು ಚಕ್ರದ, ಹಿಂದೆ ನಡೆದುಕೊಂಡು ಓಡಿಸುವ ಈ ಯಂತ್ರ ಭಾರತಕ್ಕೆ ಬಂದದ್ದು 1960ರ ದಶಕದಲ್ಲಿ, ಜಪಾನಿನಿಂದ. ಅಲ್ಲಿಯೂ ಭತ್ತವೇ ಮುಖ್ಯ ಬೆಳೆ, ಗದ್ದೆಗಳೂ ಚಿಕ್ಕವು. 1967ರಲ್ಲಿ ಬೆಂಗಳೂರಿನ ವಿಎಸ್‌ಟಿ ಸಂಸ್ಥೆ ಮಿತ್ಸುಬಿಷಿ ಜೊತೆಗೂಡಿ ಟಿಲ್ಲರ್ ತಯಾರಿಕೆಗೆ ಇಳಿಯಿತು. 1973ರಲ್ಲಿ ಕೇರಳದಲ್ಲಿ ಸರ್ಕಾರಿ ವಲಯದ ಕಾಮ್ಕೊ ಸ್ಥಾಪನೆಯಾಯಿತು. ಅದರ ಟಿಲ್ಲರ್‌ಗೆ ಕುಬೋಟಾದ ತಂತ್ರಜ್ಞಾನ. ಕರ್ನಾಟಕದ ಹಳ್ಳಿಗಳಲ್ಲಿ ಹೆಚ್ಚು ಪರಿಚಿತವಾದ ಹೆಸರುಗಳು ಇವೆರಡೇ.

ಮುಂದೆ ಚೀನಾದಿಂದ ಕಡಿಮೆ ಬೆಲೆಯ ಟಿಲ್ಲರ್‌ಗಳೂ ಬಂದವು. 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ ಟಿಲ್ಲರ್ ಮತ್ತು ಅದರ ಎಂಜಿನ್, ಗೇರ್‌ಬಾಕ್ಸ್, ಚಾಸಿ, ರೋಟರಿಗಳನ್ನು ನಿರ್ಬಂಧಿತ ಆಮದಿನ ಪಟ್ಟಿಗೆ ಸೇರಿಸಿತು. ಅಂದಿನಿಂದ ಪರವಾನಗಿ ಇಲ್ಲದೆ ತರಿಸುವಂತಿಲ್ಲ. ಹಳೆಯ ಆಮದು ಮಾದರಿಯನ್ನು ಯಾರಾದರೂ ಅಗ್ಗಕ್ಕೆ ಮಾರಲು ಬಂದರೆ ಅದರ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಒಳಗೆ ಏನೇನಿದೆ

ಸಾಮಾನ್ಯ ಟಿಲ್ಲರ್‌ನ ಎಂಜಿನ್ 12ರಿಂದ 15 ಎಚ್‌ಪಿಯದು: ಒಂದೇ ಸಿಲಿಂಡರ್, ಡೀಸೆಲ್, ನೀರಿನಿಂದ ತಣಿಯುವಂಥದ್ದು. ಎಂಜಿನ್ನಿನ ಶಕ್ತಿ ವಿ ಬೆಲ್ಟ್‌ಗಳ ಮೂಲಕ ಮುಖ್ಯ ಕ್ಲಚ್‌ಗೆ, ಅಲ್ಲಿಂದ ಗೇರ್‌ಬಾಕ್ಸ್‌ಗೆ, ಆಮೇಲೆ ಚಕ್ರಕ್ಕೂ ಹಿಂದಿನ ರೋಟರಿಗೂ ಹೋಗುತ್ತದೆ. ರೋಟರಿಯ ಬಾಗಿದ ಬ್ಲೇಡುಗಳು ತಿರುಗುತ್ತ ಮಣ್ಣನ್ನು ಕತ್ತರಿಸಿ ಪುಡಿ ಮಾಡುತ್ತವೆ. ನೇಗಿಲ ಉಳುಮೆ, ಹೆಂಟೆ ಒಡೆಯುವುದು ಎರಡೂ ಒಂದೇ ಸಲಕ್ಕೆ ಆದಂತೆ.

ಸ್ಟಿಯರಿಂಗ್ ಚಕ್ರವಿಲ್ಲ. ಎರಡು ಹಿಡಿಕೆಗಳ ಕೆಳಗೆ ಒಂದೊಂದು ಲಿವರ್ ಇರುತ್ತದೆ. ಎಡಗಡೆಯದನ್ನು ಒತ್ತಿದರೆ ಎಡ ಚಕ್ರಕ್ಕೆ ಹೋಗುವ ಶಕ್ತಿ ಕಡಿದು, ಬಲ ಚಕ್ರ ಮುಂದೆ ದೂಡಿ, ಯಂತ್ರ ಎಡಕ್ಕೆ ತಿರುಗುತ್ತದೆ. ಗದ್ದೆಗೆ ಇಳಿಯುವಾಗ ರಬ್ಬರ್ ಟೈರ್ ಬಿಚ್ಚಿ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಅದರ ಪಟ್ಟಿಗಳು ಕೆಸರನ್ನು ತುಳಿದು ಹಿಡಿತ ಕೊಡುತ್ತವೆ.

ರೋಟರಿಯ ಅಗಲ ಹೆಚ್ಚಿನ ಮಾದರಿಗಳಲ್ಲಿ 60 ಸೆಂಟಿಮೀಟರ್ ಆಸುಪಾಸು. ಒಂದೆಕರೆಗೆ 4,047 ಚದರ ಮೀಟರ್. ಸಾಲಿಗೆ ಸಾಲು ಸ್ವಲ್ಪ ಮೇಲೆಬೀಳುವಂತೆ ಹೊಡೆದರೆ ಒಂದೆಕರೆ ಒಂದು ಸಲ ಮುಗಿಸಲು ಏಳರಿಂದ ಎಂಟು ಕಿಲೋಮೀಟರ್ ನಡೆಯಬೇಕು. ಗಂಟೆಗೆ ಎರಡೂವರೆ ಕಿಲೋಮೀಟರ್ ನಡಿಗೆಯಲ್ಲಿ ಮೂರು ಗಂಟೆ ಹಿಡಿಯುತ್ತದೆ. ನಾಟಿಗೆ ಗದ್ದೆ ಹದ ಮಾಡಲು ಮೂರು ಸಲ ಹೊಡೆದರೆ ಎಕರೆಗೆ ಇಪ್ಪತ್ತು ಕಿಲೋಮೀಟರ್ ಮೀರುತ್ತದೆ, ಅದೂ ಮೊಣಕಾಲುದ್ದ ಕೆಸರಲ್ಲಿ. ಆದ್ದರಿಂದ ಸೀಟು ಮತ್ತು ಹಿಂದಿನ ಪುಟ್ಟ ಚಕ್ರ ಇರುವ ಮಾದರಿಯನ್ನು ಸೌಖ್ಯದ ಬಾಬತ್ತು ಎಂದು ತಳ್ಳಿಹಾಕಬಾರದು.

ಯಾವ ಭೂಮಿಗೆ ಒಪ್ಪುತ್ತದೆ

ಟಿಲ್ಲರ್‌ನ ನಿಜವಾದ ಜಾಗ ಭತ್ತದ ಗದ್ದೆ. ಮೆಟ್ಟಿಲು ಗದ್ದೆಗಳ ಕಿರಿದಾದ ಅಂಚಿನಲ್ಲಿ ದೊಡ್ಡ ಟ್ರ್ಯಾಕ್ಟರ್ ತಿರುಗಲಾರದು. ಕೆಸರಿನಲ್ಲಿ ತೂಕಕ್ಕೆ ಹೂತೂ ಹೋಗಬಹುದು. ನಾಲ್ಕೈದು ಕ್ವಿಂಟಲ್ ತೂಗುವ ಟಿಲ್ಲರ್ ಅಲ್ಲಿ ಸಲೀಸಾಗಿ ಓಡುತ್ತದೆ. ಅಗಲವಾದ ಗೂಟದ ಹಲಗೆ ಹಿಂದೆ ಕಟ್ಟಿದರೆ ಗದ್ದೆ ಮಟ್ಟ ಮಾಡುವ ಕೆಲಸವೂ ಆಗುತ್ತದೆ.

ಒಣಗಿ ಗಟ್ಟಿಯಾದ ಎರೆ ಭೂಮಿಯಲ್ಲಿ ಕತೆ ಬೇರೆ. ಅಲ್ಲಿ ಎರಡು ಚಕ್ರದ ಹಿಡಿತ ಸಾಲುವುದಿಲ್ಲ, ಬ್ಲೇಡು ಪುಟಿದು ಯಂತ್ರ ಮುಂದಕ್ಕೆ ಚಿಮ್ಮುತ್ತದೆ, ಕೈ ಸೋಲುತ್ತದೆ. ಕಲ್ಲು ಹೆಚ್ಚಿರುವ ಕಡೆಯೂ ಬ್ಲೇಡಿನ ಖರ್ಚು ಏರುತ್ತದೆ. ಬಯಲುಸೀಮೆಯ ಹದವಾದ ಕೆಂಪು ಮಣ್ಣಿನಲ್ಲಿ, ತರಕಾರಿ ಬೆಳೆಯುವ ತುಂಡು ಜಮೀನಿನಲ್ಲಿ, ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ತೊಂದರೆಯಿಲ್ಲ.

ಅಡಿಕೆ ತೋಟಕ್ಕೆಂದೇ ಟಿಲ್ಲರ್ ಕೊಳ್ಳುವವರು ಎರಡು ಸಲ ಯೋಚಿಸಬೇಕು. ಒಂಬತ್ತು ಅಡಿ ಅಂತರದ ಸಾಲಿನಲ್ಲಿ ಸುಮಾರು ಮೂರಡಿ ಅಗಲದ ಯಂತ್ರ ಹೋಗುತ್ತದೆ, ನಿಜ. ಆದರೆ ಅಡಿಕೆಯ ಬೇರು ಬಹಳಷ್ಟು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ರೋಟರಿ ಆಳಕ್ಕೆ ಹೊಡೆದರೆ ಬೇರು ತುಂಡಾಗುತ್ತದೆ. ಮಲೆನಾಡಿನ ತೋಟಗಳ ಬಸಿಗಾಲುವೆಗಳನ್ನು ದಾಟಿಸುವುದೂ ಕಷ್ಟ. ಅಂಥಲ್ಲಿ ಕಳೆ ಕೊಚ್ಚಲು ಬ್ರಷ್ ಕಟ್ಟರ್, ಗೊಬ್ಬರ ಸಾಗಿಸಲು ಕೈಗಾಡಿಯಂಥ ಮೋಟಾರು ಗಾಡಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ವೀಡರೋ, ಮಿನಿ ಟ್ರ್ಯಾಕ್ಟರೋ

ಟಿಲ್ಲರ್‌ಗಿಂತ ಕೆಳಗಿನ ಮೆಟ್ಟಿಲಲ್ಲಿ ಪವರ್ ವೀಡರ್ ಇದೆ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್, ಹೆಚ್ಚಾಗಿ ಐದರಿಂದ ಒಂಬತ್ತು ಎಚ್‌ಪಿ, ಇಬ್ಬರು ಸೇರಿ ಎತ್ತಿ ಗಾಡಿಗೆ ಹಾಕುವಷ್ಟು ತೂಕ. ಬೆಳೆಯ ಸಾಲಿನ ನಡುವೆ ಕಳೆ ತೆಗೆಯಲು, ತರಕಾರಿ ಮಡಿಗೆ ಅದು ಸಾಕು. ಮೂರು ಎಕರೆ ಗದ್ದೆ ಕೆಸರು ಮಾಡಲು ಅದನ್ನು ನಂಬಿದರೆ ಯಂತ್ರವೂ ಸೋಲುತ್ತದೆ, ಆಳೂ ಸೋಲುತ್ತಾನೆ.

ಮೇಲಿನ ಮೆಟ್ಟಿಲಲ್ಲಿ ಮಿನಿ ಟ್ರ್ಯಾಕ್ಟರ್: 15ರಿಂದ 28 ಎಚ್‌ಪಿ, ನಾಲ್ಕು ಚಕ್ರ, ಕೂತು ಓಡಿಸಬಹುದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ ಇಳಿಜಾರಿಗೂ ಹಸಿ ನೆಲಕ್ಕೂ ವಾಸಿ. ಉಳುಮೆ, ಸಾಗಾಟ, ದ್ರಾಕ್ಷಿ–ದಾಳಿಂಬೆಗೆ ಔಷಧ ಸಿಂಪಡಣೆ ಎಲ್ಲಕ್ಕೂ ಬರುತ್ತದೆ. ಬೆಲೆ ಟಿಲ್ಲರ್‌ಗಿಂತ ಸಾಕಷ್ಟು ಹೆಚ್ಚು. ತಿರುಗಲು ಜಾಗ, ಗದ್ದೆಯಿಂದ ಗದ್ದೆಗೆ ಇಳಿಯಲು ದಾರಿ ಬೇಕು. ವಯಸ್ಸಾದವರೋ ಮನೆಯ ಹೆಂಗಸರೋ ಓಡಿಸುವುದಾದರೆ, ಭೂಮಿ ಒಂದೇ ಕಡೆ ಇದ್ದರೆ, ಮಿನಿ ಟ್ರ್ಯಾಕ್ಟರ್ ಕಡೆ ನೋಡುವುದೇ ಸರಿ. ಒಂಟಿ ಸಿಲಿಂಡರ್ ಡೀಸೆಲ್‌ನ ನಡುಕ ಇಡೀ ದಿನ ಹಿಡಿಕೆಯಲ್ಲಿ ಕೂತಿರುತ್ತದೆ. ಸಂಜೆ ಬೆರಳು ಜೋಮು ಹಿಡಿಯುವುದು ಟಿಲ್ಲರ್ ಓಡಿಸುವವರಿಗೆಲ್ಲ ಗೊತ್ತಿರುವ ಸಂಗತಿ.

ಸ್ವಂತದ್ದೋ, ಬಾಡಿಗೆಯೋ

ಟಿಲ್ಲರ್ ಬೆಲೆ ರೋಟರಿ ಸಮೇತ ಎರಡು ಲಕ್ಷ ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ. ಹತ್ತು ವರ್ಷ ದುಡಿಸಿ ಇಪ್ಪತ್ತು ಸಾವಿರಕ್ಕೆ ಮಾರಿದರೆ ಸವಕಳಿ ವರ್ಷಕ್ಕೆ 18,000. ಹಾಕಿದ ದುಡ್ಡಿಗೆ ಶೇ 10ರ ಬಡ್ಡಿಯನ್ನು ಸರಾಸರಿ 1.1 ಲಕ್ಷದ ಮೇಲೆ ಹಾಕಿದರೆ 11,000. ಯಂತ್ರ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತರೂ ವರ್ಷಕ್ಕೆ 29,000 ರೂಪಾಯಿ ಕರಗುತ್ತದೆ.

ಮೂರು ಎಕರೆ ಗದ್ದೆ, ಎಕರೆಗೆ ಮೂರು ಸಲ, ಸಲಕ್ಕೆ ಮೂರು ಗಂಟೆ ಎಂದರೆ ಒಂದು ಬೆಳೆಗೆ 27 ಗಂಟೆ, ಎರಡು ಬೆಳೆಗೆ 54. ಆಗ ಗಂಟೆಗೆ ಬೀಳುವ ಖರ್ಚು 537 ರೂಪಾಯಿ. ವರ್ಷಕ್ಕೆ 100 ಗಂಟೆ ಓಡಿದರೆ ಅದು 290ಕ್ಕೆ, 250 ಗಂಟೆ ಓಡಿದರೆ 116ಕ್ಕೆ ಇಳಿಯುತ್ತದೆ. ಇದರ ಮೇಲೆ ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಡೀಸೆಲ್, ರಿಪೇರಿ, ಓಡಿಸುವವನ ಕೂಲಿ. ಒಟ್ಟು ಮೊತ್ತವನ್ನು ಊರಿನ ಬಾಡಿಗೆ ದರದ ಪಕ್ಕಕ್ಕಿಟ್ಟು ನೋಡಿದರೆ ಉತ್ತರ ತಾನೇ ಸಿಗುತ್ತದೆ. ಮೂರು ಎಕರೆಗೆ ಮಾತ್ರ ಕೊಳ್ಳುವ ಟಿಲ್ಲರ್ ಲೆಕ್ಕಕ್ಕೆ ಗಿಟ್ಟುವುದು ಕಷ್ಟ. ಅಣ್ಣತಮ್ಮಂದಿರು ಕೂಡಿ ಕೊಂಡರೆ, ನೆರೆಯವರ ಗದ್ದೆಗೂ ಹೋದರೆ, ಟ್ರೇಲರ್ ಕಟ್ಟಿ ಗೊಬ್ಬರ–ಹುಲ್ಲು ಸಾಗಿಸಿದರೆ ಗಿಟ್ಟುತ್ತದೆ.

ಲೆಕ್ಕಕ್ಕೆ ಸಿಗದ ಲಾಭವೊಂದಿದೆ: ಹದ. ಮಳೆ ಬಂದ ವಾರ ಊರಿಗೆಲ್ಲ ಒಟ್ಟಿಗೇ ಯಂತ್ರ ಬೇಕು. ಬಾಡಿಗೆಯವನು ನಾಳೆ ಬರುತ್ತೇನೆಂದು ವಾರ ಕಳೆದರೆ ಸಸಿಮಡಿಯಲ್ಲಿ ಅಗೆ ಬಲಿಯುತ್ತದೆ. ಈ ಪರದಾಟ ತಪ್ಪಿಸಲೆಂದು ರಾಜ್ಯ ಸರ್ಕಾರ 2014–15ರಲ್ಲಿ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳನ್ನು ಶುರು ಮಾಡಿತು. ಕೊಳ್ಳುವ ಮುನ್ನ ಒಂದು ಹಂಗಾಮು ಅಲ್ಲಿಂದಲೇ ಬಾಡಿಗೆಗೆ ತಂದು, ಸ್ವಂತ ಗದ್ದೆಯಲ್ಲಿ ಸ್ವಂತ ಕೈಯಲ್ಲಿ ಓಡಿಸಿ ನೋಡುವುದು ಒಳ್ಳೆಯದು.

ಅಂಗಡಿಯಲ್ಲಿ ಕೇಳಬೇಕಾದ್ದು

ಕೊಟೇಶನ್‌ನಲ್ಲಿ ರೋಟರಿ, ಕೇಜ್ ವೀಲ್, ಸೀಟು, ಟೂಲ್ ಕಿಟ್ ಸೇರಿದೆಯೇ ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕು. ಒಂದೇ ಬೆಲೆಯೆಂದು ಕಂಡ ಎರಡು ಯಂತ್ರಗಳಲ್ಲಿ ಒಂದಕ್ಕೆ ಕೇಜ್ ವೀಲ್ ಬೇರೆಯಾಗಿ ಕೊಳ್ಳಬೇಕಾಗಿ ಬರುವುದುಂಟು. 2025ರ ಸೆಪ್ಟೆಂಬರ್ 22ರಿಂದ ಟಿಲ್ಲರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಬೇಕು.

ಕೈಯಿಂದ ತಿರುಗಿಸುವ ಮಾದರಿಯೋ ಸೆಲ್ಫ್ ಸ್ಟಾರ್ಟೋ ನೋಡಬೇಕು. ಹ್ಯಾಂಡಲ್ ಮಾದರಿಯಲ್ಲಿ ಒಂದು ಕೈಯಲ್ಲಿ ಡಿಕಂಪ್ರೆಷನ್ ಲಿವರ್ ಹಿಡಿದು, ಇನ್ನೊಂದರಲ್ಲಿ ಜೋರಾಗಿ ತಿರುಗಿಸಿ, ವೇಗ ಬಂದಾಗ ಲಿವರ್ ಬಿಡಬೇಕು. ಮನೆಯಲ್ಲಿ ಯಾರು ಓಡಿಸುತ್ತಾರೋ ಅವರೇ ಅಂಗಡಿಯಲ್ಲಿ ಮಾಡಿ ನೋಡಲಿ. ರೋಟರಿಯ ಬ್ಲೇಡು, ಬೆಲ್ಟ್, ಆಯಿಲ್ ಸೀಲ್ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ, ಮೆಕ್ಯಾನಿಕ್ ಗದ್ದೆಗೇ ಬರುತ್ತಾನೆಯೇ ಎಂಬುದನ್ನು ಮಾರುವವರಿಗಿಂತ ಈಗಾಗಲೇ ಆ ಯಂತ್ರ ಇಟ್ಟುಕೊಂಡ ಊರಿನವರನ್ನು ಕೇಳುವುದು ಮೇಲು. ಪಕ್ಕದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆ ಟಿಲ್ಲರ್‌ಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಆ ವರದಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ ಸಹಾಯಧನವಿದೆ, ಗರಿಷ್ಠ ಮಿತಿಗೆ ಒಳಪಟ್ಟು. ಅರ್ಜಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಮಂಜೂರಾತಿ ಕೈಗೆ ಬರುವ ಮೊದಲೇ ಯಂತ್ರ ಕೊಂಡು ಆಮೇಲೆ ಸಹಾಯಧನಕ್ಕೆ ಅಲೆಯುವ ಪಾಡು ಬೇಡ.

ಹಳೆಯದನ್ನು ಕೊಳ್ಳುವಾಗ

ಹೊಸ ಬಣ್ಣಕ್ಕೆ ಮರುಳಾಗದೆ ಗೇರ್‌ಬಾಕ್ಸಿನ ಆಯಿಲ್ ಸ್ವಲ್ಪ ಇಳಿಸಿ ನೋಡಬೇಕು. ಹಾಲು ಹಾಕಿದ ಚಹಾದ ಬಣ್ಣವಿದ್ದರೆ ಸವೆದ ಸೀಲಿನಿಂದ ಕೆಸರು ನೀರು ಒಳಗೆ ಹೋಗಿದೆ ಎಂದರ್ಥ. ಬೇರಿಂಗ್‌ಗಳೂ ಹೋಗಿರುವ ಸಂಭವ ಹೆಚ್ಚು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಬೇಕು. ಬಿಸಿ ಮಾಡಿಟ್ಟ ಎಂಜಿನ್ ಯಾವ ಸ್ಥಿತಿಯಲ್ಲಿದ್ದರೂ ಸಲೀಸಾಗಿ ಹತ್ತಿಕೊಳ್ಳಬಹುದು. ರೋಟರಿ ಶಾಫ್ಟ್ ಹಿಡಿದು ಅಲ್ಲಾಡಿಸಿ, ಎರಡೂ ಕಡೆಯ ಸ್ಟಿಯರಿಂಗ್ ಲಿವರ್ ಒತ್ತಿ ಬಿಟ್ಟು, ಯಂತ್ರ ಎರಡೂ ಕಡೆಗೆ ಒಂದೇ ಸಮ ತಿರುಗುತ್ತದೆಯೇ ಎಂದು ಪರೀಕ್ಷಿಸಬೇಕು.

ಓಡಿಸುವಾಗ ಎಚ್ಚರ

ಹೊಸಬರನ್ನು ದಾರಿ ತಪ್ಪಿಸುವುದು ಇಳಿಜಾರು. ಟ್ರೇಲರ್ ಕಟ್ಟಿ ಇಳಿಯುವಾಗ ಎಂಜಿನ್ ಯಂತ್ರವನ್ನು ಎಳೆಯುವುದಿಲ್ಲ, ತಡೆಯುತ್ತದೆ. ಆಗ ಎಡ ಲಿವರ್ ಒತ್ತಿದರೆ ಎಡ ಚಕ್ರಕ್ಕೆ ಇದ್ದ ತಡೆ ಬಿಟ್ಟುಹೋಗಿ ಅದೇ ವೇಗವಾಗಿ ಉರುಳುತ್ತದೆ. ಯಂತ್ರ ಬಲಕ್ಕೆ ತಿರುಗುತ್ತದೆ! ಆದ್ದರಿಂದ ಇಳಿಜಾರಲ್ಲಿ ಲಿವರ್ ಮುಟ್ಟದೆ, ಕೆಳಗಿನ ಗೇರಿನಲ್ಲಿ, ಹ್ಯಾಂಡಲ್ ಬಲದಿಂದಲೇ ದಿಕ್ಕು ತಿರುಗಿಸುವುದು ಅನುಭವಿಗಳ ಕ್ರಮ. ರೋಟರಿ ತಿರುಗುತ್ತಿರುವಾಗ ರಿವರ್ಸ್ ಬೇಡವೇ ಬೇಡ, ಏಕೆಂದರೆ ಬ್ಲೇಡು ಬರುವುದು ಕಾಲಿನ ಕಡೆಗೆ. ಹುಲ್ಲು ಸುತ್ತಿಕೊಂಡರೆ ಎಂಜಿನ್ ಪೂರ್ತಿ ನಿಲ್ಲಿಸಿಯೇ ಬಿಡಿಸಬೇಕು. ಪಂಚೆ, ಟವಲು ಜೋತಾಡದಂತೆ ಕಟ್ಟಿಕೊಳ್ಳಬೇಕು.

ಕೊಳ್ಳಲು ಒಳ್ಳೆಯ ಕಾಲ ಬೇಸಿಗೆ. ಮೇ ಕೊನೆಯಲ್ಲಿ ಕೊಂಡರೆ ಯಂತ್ರ ಕಲಿಯುವುದು, ಮೊದಲ ಸರ್ವಿಸ್, ಗದ್ದೆ ಉಳುಮೆ ಮೂರೂ ಒಂದೇ ತಿಂಗಳಲ್ಲಿ ಮೈಮೇಲೆ ಬೀಳುತ್ತವೆ, ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ಕೊಂಡವರು ಒಣ ನೆಲದಲ್ಲಿ ನಿಧಾನಕ್ಕೆ ಪಳಗಿ, ಮೊದಲ ಆಯಿಲ್ ಬದಲಾಯಿಸಿಕೊಂಡು, ಸಣ್ಣಪುಟ್ಟ ದೋಷಗಳನ್ನು ವಾರಂಟಿಯಲ್ಲಿ ಸರಿಮಾಡಿಸಿ, ಮೊದಲ ಮಳೆಗೆ ಸಜ್ಜಾಗಿರುತ್ತಾರೆ.